ತಾಮ್ರದ ವಾಟರ್ ಬ್ಲಾಕ್ ಆರಿಸಿದ ಬೇಸಿಗೆ

ಕಳೆದ ತಿಂಗಳು ಒಂದು ಕೆಲಸದ ಮೇಲೆ ಮುಳ್ಳೇರಿಯಕ್ಕೆ ಹೋಗಿದ್ದೆ. ಬಸ್ಸಿಳಿದು ರಸ್ತೆ ದಾಟುವಾಗ ಹಳೆಯ ಜೀಪೊಂದು ಬಾನೆಟ್ ತೆರೆದು ನಿಂತಿತ್ತು. ರೇಡಿಯೇಟರ್ ಕುದಿದು ಹಬೆ ಏಳುತ್ತಿತ್ತು. ರೇಡಿಯೇಟರಿನ ನೀರಿಗೆ ಬೆರೆಸುವ ಕೂಲೆಂಟ್ ಬಿಸಿಯಾದರೆ ಒಂದು ಸಿಹಿ ವಾಸನೆ ಬರುತ್ತದೆ, ತಳ ಹಿಡಿದ ಬೆಲ್ಲದ ಪಾಕದ ಹಾಗೆ. ಸುತ್ತ ನಿಂತವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ನಿಂತು ಎರಡು ಸಲ ಉಸಿರು ಎಳೆದುಕೊಂಡೆ. ನನ್ನ ಮೊದಲ ನೌಕರಿಯ ಬೇಸಿಗೆಗೆ ಅದೇ ವಾಸನೆ.

ಆ ವರ್ಷ ನನ್ನ ಬಿಸಿಎ ಮುಗಿದಿತ್ತು. ಮುಗಿದಿತ್ತು ಎಂದು ಒಂದೇ ಮಾತಿನಲ್ಲಿ ಈಗ ಹೇಳಿಬಿಡುತ್ತೇನೆ. ನಡುವೆ ಒಂದು ವರ್ಷ ಕಾಲೇಜು ಬಿಟ್ಟು ಕುಂಬಳೆಯ ಬಟ್ಟೆ ಅಂಗಡಿಯಲ್ಲಿ ನಿಂತಿದ್ದೇನೆ. ಗಣಿತದ ಒಂದು ಪೇಪರನ್ನು ಮೂರು ಸಲ ಬರೆದಿದ್ದೇನೆ. ಶಿರಿಯದ ನಮ್ಮ ಮನೆಯಲ್ಲಿ ಅಪ್ಪನ ಕಡೆ, ಅಮ್ಮನ ಕಡೆ ಎರಡೂ ಸೇರಿ ಪದವಿ ಪಡೆದವಳು ನಾನೊಬ್ಬಳೇ. ಅಪ್ಪ ದೋಣಿಗೆ ಹೋಗುತ್ತಿದ್ದರು, ಅಮ್ಮ ಬೀಡಿ ಕಟ್ಟುತ್ತಿದ್ದರು. ಸರ್ಟಿಫಿಕೇಟು ಬಂದ ದಿನ ಅಮ್ಮ ಹೊಗೆಸೊಪ್ಪಿನ ಕೈಯನ್ನು ಎರಡು ಸಲ ಸಾಬೂನು ಹಾಕಿ ತೊಳೆದು, ಸೆರಗಿಗೆ ಒರೆಸಿ, ಆಮೇಲೆ ಅದನ್ನು ಹಿಡಿದುಕೊಂಡರು. ಓದಲು ಬರುವುದಿಲ್ಲ. ತುಂಬ ಹೊತ್ತು ನೋಡಿದರು.

ಕೆಲಸ ಸಿಕ್ಕಿದ್ದು ಮುಳ್ಳೇರಿಯದ ಒಂದು ಸ್ಟುಡಿಯೋದಲ್ಲಿ, ಮದುವೆಯ ವಿಡಿಯೋಗಳನ್ನು ಎಡಿಟ್ ಮಾಡುವುದಕ್ಕೆ. ಮಾಲಕರು ವಿಶ್ವಣ್ಣ, ಹನ್ನೆರಡು ವರ್ಷ ದುಬಾಯಿಯಲ್ಲಿ ಇದ್ದು ಬಂದವರು. ಕ್ಯಾಮರಾ ಹಿಡಿಯುವವರು ಅಶ್ರಫ್. ನಮ್ಮ ಕಡೆಯ ವಾಡಿಕೆಯಂತೆ, ಅಣ್ಣ ಎಂಬ ಅರ್ಥದಲ್ಲಿ, ನಾನು ಅವರನ್ನು ಅಶ್ರಫಿಚ್ಚ ಎಂದು ಕರೆಯುತ್ತಿದ್ದೆ. ವಿಶ್ವಣ್ಣ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ, "ಮೂರು ತಿಂಗಳು ನೋಡುವ. ಆಮೇಲೆ ಹೇಳ್ತೇನೆ" ಅಂದರು. ಮಾರ್ಚ್ ತಿಂಗಳ ಮೊದಲ ವಾರ ಅದು. ಬೆಳಿಗ್ಗೆ ಶಿರಿಯದಿಂದ ಹೊರಟು, ಕುಂಬಳೆಯಲ್ಲಿ ಬಸ್ಸು ಬದಲಿಸಿ ಗುಡ್ಡ ಹತ್ತುವಾಗ ಗೇರುಹಣ್ಣಿನ ಘಾಟು ಕಿಟಕಿಯಿಂದ ಒಳಗೆ ಬರುತ್ತಿತ್ತು. ಕಡಲ ಬದಿಯಲ್ಲಿ ಬೆಳೆದ ನನಗೆ ಒಳನಾಡಿನ ಸೆಖೆ ಬೇರೆಯೇ ಅನಿಸಿತು. ಗಾಳಿ ಎಂಬುದು ಇಲ್ಲ.

ಸ್ಟುಡಿಯೋದ ಕಂಪ್ಯೂಟರಿಗೂ ಅದೇ ತೊಂದರೆ. ನನಗಿಂತ ಮೊದಲು ಇದ್ದ ಎಡಿಟರ್ ಅದರ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿ ಇಟ್ಟು ಕತಾರಿಗೆ ಹೋಗಿದ್ದ. ತಯಾರಿಸಿದವರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಅದು ಓಡುತ್ತಿತ್ತು. ವೇಗ ಹೆಚ್ಚಾದರೆ ಬಿಸಿಯೂ ಹೆಚ್ಚು. ಡಿಸೆಂಬರಿನಲ್ಲಿ ಅದಕ್ಕೆ ಏನೂ ಆಗಿರಲಿಲ್ಲವಂತೆ. ಏಪ್ರಿಲ್ ಬಂದು, ಮಧ್ಯಾಹ್ನ ಒಂದೂವರೆಗೆ ಕೋಣೆಯೊಳಗೆ ಮೂವತ್ತಾರು ಡಿಗ್ರಿ ಆದಾಗ, ಪ್ರೊಸೆಸರ್ ನೂರು ಡಿಗ್ರಿ ಮುಟ್ಟಿ ತಾನಾಗಿಯೇ ಬಂದ್ ಆಗುತ್ತಿತ್ತು. ಮದುವೆಯ ವಿಡಿಯೋ ತಯಾರಾಗಲು ನಾಲ್ಕೈದು ಗಂಟೆ ಬೇಕು. ಮೂರನೇ ಗಂಟೆಯಲ್ಲಿ ಬಂದ್ ಆದರೆ ಮತ್ತೆ ಮೊದಲಿನಿಂದ. ವೇಗ ಇಳಿಸಿ ನೋಡಿದೆ. ಬಂದ್ ಆಗಲಿಲ್ಲ, ಆದರೆ ಒಂದು ಮದುವೆಗೆ ಇಡೀ ದಿನ ಹಿಡಿಯಿತು. ಏಸಿ ಹಾಕುವ ಎಂದರೆ ಬೇಸಿಗೆಯಲ್ಲಿ ಅಲ್ಲಿಯ ವೋಲ್ಟೇಜಿಗೆ ಫ್ಯಾನೇ ಸರಿಯಾಗಿ ತಿರುಗುತ್ತಿರಲಿಲ್ಲ.

ಒಂದು ದಿನ ಕಾರಡ್ಕದ ಹೆಂಗಸೊಬ್ಬರು, ಮಗಳ ಮದುವೆಯ ವಿಡಿಯೋ ಕೇಳಲು ನಾಲ್ಕನೆಯ ಸಲ ಬಂದವರು, ಬಾಗಿಲಲ್ಲೇ ನಿಂತು, ಬಂದ್ ಆದ ಪರದೆ ನೋಡಿ ತಿರುಗಿ ಹೋದರು. ಅವರು ಹೋದ ಮೇಲೆ ವಿಶ್ವಣ್ಣ ನನ್ನ ಮುಖ ನೋಡದೆ ಮಾತಾಡಿದರು.

"ನಿನ್ನ ತಪ್ಪು ಅಂತ ಅಲ್ಲ ಹರಿಣಾಕ್ಷಿ. ಆದರೆ ಎಡಿಟಿಂಗ್ ಇನ್ನು ಮಂಗಳೂರಿಗೆ ಕಳಿಸುವ ಅಂತ ಉಂಟು ನನಗೆ. ಅಲ್ಲಿ ಒಬ್ಬನತ್ತಿರ ಮಾತಾಡಿದ್ದೇನೆ. ಮತ್ತೆ ಇಲ್ಲಿ ನಿನಗೆ ಎಂತ ಕೆಲಸ?"

ಮನೆಯಲ್ಲಿ ಕೈ ತೊಳೆದುಕೊಂಡು ಸರ್ಟಿಫಿಕೇಟು ನೋಡಿದವರಿಗೆ ಎರಡೇ ತಿಂಗಳಲ್ಲಿ ಏನು ಹೇಳುವುದು?

"ನೀರಿನಲ್ಲಿ ತಣ್ಣಗೆ ಮಾಡ್ಲಿಕ್ಕೆ ಆಗ್ತದೆ ವಿಶ್ವಣ್ಣ. ಒಂದು ಸಲ ನೋಡ್ತೇನೆ" ಅಂದೆ.

"ಕಂಪ್ಯೂಟರಿಗೆ ನೀರಾ?" ಎಂದರು ಅಶ್ರಫಿಚ್ಚ. "ಕುಡಿಸುವುದಾ, ಮೀಯಿಸುವುದಾ?"

ವಿಶ್ವಣ್ಣ ನಗಲಿಲ್ಲ. "ಮೇ ಮುಗಿಯುವವರೆಗೆ ಸಮಯ ಉಂಟು. ಒಂದೇ ಸಲ. ಬೋರ್ಡಿಗೆ ನೀರು ಬಿದ್ದರೆ ಸ್ಟುಡಿಯೋಕ್ಕೆ ಬೀಗ, ಅಷ್ಟೇ."

ನೀರಿನಲ್ಲಿ ತಣಿಸುವ ವಿಧಾನ ಹೇಳಲು ಸುಲಭ. ಪ್ರೊಸೆಸರಿನ ಬೆನ್ನ ಮೇಲೆ ಅಂಗೈಗಿಂತ ಚಿಕ್ಕದಾದ ಒಂದು ಲೋಹದ ಬಿಲ್ಲೆ ಕೂರುತ್ತದೆ. ಅದಕ್ಕೆ ವಾಟರ್ ಬ್ಲಾಕ್ ಎನ್ನುತ್ತಾರೆ. ಅದರ ಹೊಟ್ಟೆಯಲ್ಲಿ ಸಣ್ಣ ಸಣ್ಣ ಕಾಲುವೆಗಳಿರುತ್ತವೆ. ಪಂಪು ನೀರನ್ನು ಆ ಕಾಲುವೆಗಳಲ್ಲಿ ಹಾಯಿಸುತ್ತದೆ, ನೀರು ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಹೋಗುತ್ತದೆ, ಫ್ಯಾನಿನ ಗಾಳಿಗೆ ತಣಿದು ಮತ್ತೆ ಬರುತ್ತದೆ. ಎಲ್ಲದರ ಕೀಲಿ ಆ ಬ್ಲಾಕ್. ನಾನು ಹತ್ತು ದಿನ ಫೋನಿನಲ್ಲಿ ಓದಿದೆ, ಬಸ್ಸಿನಲ್ಲಿ ಓದಿದೆ, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪಟ್ಟಿ ಮಾಡಿದೆ. ಪ್ರೊಸೆಸರಿನ ಸುತ್ತಲಿನ ನಾಲ್ಕು ತೂತುಗಳ ನಡುವಿನ ದೂರವನ್ನು ಸ್ಕೇಲಿನಲ್ಲಿ ಅಳೆದು, ಕೂರದ ಬ್ಲಾಕುಗಳ ಮೇಲೆ ಕಾಟು ಹಾಕಿದೆ. ಉಳಿದದ್ದು ನಾಲ್ಕು. ಮೊದಲನೆಯದು ನಿಕಲ್ ಲೇಪಿಸಿದ ತಾಮ್ರ, ಕನ್ನಡಿಯಂತೆ ಹೊಳೆಯುವಂಥದ್ದು, ಕೂದಲೆಳೆಯಷ್ಟು ಸಪೂರದ ಕಾಲುವೆಗಳು. ಪರೀಕ್ಷೆ ಮಾಡಿದವರೆಲ್ಲ ಅದಕ್ಕೇ ಹೆಚ್ಚು ಅಂಕ ಕೊಟ್ಟಿದ್ದರು. ಕೊನೆಯದು ಬರೀ ತಾಮ್ರ, ಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ, ಕಾಲುವೆಗಳು ಅಗಲ. ಮೊದಲನೆಯದಕ್ಕೂ ಅದಕ್ಕೂ ಮೂರು ಡಿಗ್ರಿಯ ವ್ಯತ್ಯಾಸ. ಅಂಕ ನೋಡಿ ಆರಿಸುವುದೇ ನನಗೆ ಗೊತ್ತಿದ್ದ ದಾರಿ. ಒಂದನೆಯದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಆ ಪರೀಕ್ಷೆಗಳೆಲ್ಲ ಇಪ್ಪತ್ತೊಂದು ಡಿಗ್ರಿಯ ಕೋಣೆಯಲ್ಲಿ ನಡೆದವು ಎಂದು ಅಡಿಯಲ್ಲಿ ಬರೆದಿತ್ತು. ಅದನ್ನೂ ಓದಿದ್ದೆ, ಓದಿ ಬಿಟ್ಟಿದ್ದೆ.

ರೇಡಿಯೇಟರನ್ನು ಮಾತ್ರ ಮೊದಲೇ ತೆಗೆದುಕೊಂಡಿದ್ದೆ. ಕಾಸರಗೋಡಿನ ಒಬ್ಬರು ಬಿಚ್ಚಿ ಮಾರಿದ ಸೆಟ್ಟಿನದ್ದು, ಕಪ್ಪು ಬಣ್ಣ ಹೊಡೆದದ್ದು. ಸೋರುತ್ತದೋ ಎಂದು ನೋಡಲು ಒಂದು ಭಾನುವಾರ ಅದನ್ನು ತಮ್ಮಲೆಯ ಹತ್ತಿರ ಕೊಂಡುಹೋದೆ. ತಮ್ಮಲೆ ಎಂದರೆ ತುಳುವಿನಲ್ಲಿ ಸೋದರಮಾವ. ಅಮ್ಮನ ಅಣ್ಣ ಬಾಬು ತಮ್ಮಲೆ ಶಿರಿಯ ಹೊಳೆಯ ಬದಿಯಲ್ಲಿ, ತೆಂಗಿನ ಮಡಲಿನ ಚಪ್ಪರದ ಕೆಳಗೆ ದೋಣಿಯ ಇಂಜಿನ್ ರಿಪೇರಿ ಮಾಡುತ್ತಿದ್ದರು. ಕಲಿತದ್ದು ನಾಲ್ಕನೇ ಕ್ಲಾಸು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ತಮ್ಮಲೆ ರೇಡಿಯೇಟರನ್ನು ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ, ಗಾಳಿ ಊದಿ, ಗುಳ್ಳೆ ಬರುವುದಿಲ್ಲ ಎಂದು ನೋಡಿದರು. ಆಮೇಲೆ ಸ್ಕ್ರೂ ಡ್ರೈವರಿನಿಂದ ಒಂದು ಮೂಲೆಯನ್ನು ಕೆರೆದರು. ಬಣ್ಣದ ಅಡಿಯಲ್ಲಿ ಬೆಳ್ಳಗೆ ಕಂಡಿತು.

"ಇದು ಅಲ್ಯೂಮಿನಿಯಂ. ಆಚೆ ತುದಿಯಲ್ಲಿ ಎಂತ ಉಂಟು?"

"ತಾಮ್ರದ ಬ್ಲಾಕ್. ಇನ್ನೂ ತರಿಸಲಿಲ್ಲ."

"ಎರಡಕ್ಕೂ ನೀರು ಒಂದೇ?"

"ಒಂದೇ."

"ಹಾಗಾದ್ರೆ ಯಾರು ಯಾರನ್ನು ತಿನ್ನುವುದು ಅಂತ ನೀನೇ ಹೇಳು."

ನನಗೆ ಅರ್ಥವಾಗಲಿಲ್ಲ. ತಮ್ಮಲೆ ಎದ್ದು ಮೂಲೆಯಿಂದ ಒಂದು ಇಂಜಿನ್ನಿನ ಕಾಲನ್ನು ತಂದು ನನ್ನೆದುರು ಇಟ್ಟರು. ದೋಣಿಯ ಇಂಜಿನ್ನಿನಲ್ಲಿ ನೀರೊಳಗೆ ಇಳಿಯುವ ಭಾಗಕ್ಕೆ ಕಾಲು ಎನ್ನುತ್ತಾರೆ. ಅದೂ ಅಲ್ಯೂಮಿನಿಯಮ್ಮೇ. ಯಾರೋ ಅದಕ್ಕೆ ತಾಮ್ರ ಬೆರೆತ ಹಿತ್ತಾಳೆಯ ಸ್ಕ್ರೂ ಒಂದನ್ನು ಹಾಕಿದ್ದರು. ಸ್ಕ್ರೂ ಹೊಸದರ ಹಾಗೆಯೇ ಇತ್ತು. ಅದರ ಸುತ್ತ ಲೋಹ ಬಿಳಿ ಹಿಟ್ಟಾಗಿ, ಬೆರಳು ತೂರುವಷ್ಟು ತೂತು ಬಿದ್ದಿತ್ತು.

"ಒಂದು ಮಳೆಗಾಲದ ಕೆಲಸ ಇದು" ಎಂದರು.

"ಅದು ಉಪ್ಪು ನೀರು ತಮ್ಮಲೆ. ನಾನು ಹಾಕುವುದು ಡಿಸ್ಟಿಲ್ಡ್ ವಾಟರ್."

"ಉಪ್ಪು ನೀರು ಬೇಗ ತಿಂತದೆ, ನಿನ್ನದು ನಿಧಾನ ತಿಂತದೆ. ತಿನ್ನುವುದೇ ಇಲ್ಲ ಅಂತ ಎಲ್ಲಿ ಬರೆದದ್ದುಂಟು?"

ಎಲ್ಲಿಯೂ ಬರೆದಿರಲಿಲ್ಲ. ತಿನ್ನುತ್ತದೆ ಎಂದು ಬರೆದಿತ್ತು, ಬರೆದವಳು ನಾನೇ. ಪ್ಲಸ್ ಟುವಿನ ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ, ಎರಡು ಬೇರೆ ಲೋಹಗಳು ಒಂದೇ ದ್ರಾವಣದಲ್ಲಿ ಇದ್ದರೆ ಏನಾಗುತ್ತದೆ ಎಂದು ಚಿತ್ರ ಬಿಡಿಸಿ, ಆನೋಡ್ ಕ್ಯಾಥೋಡ್ ಗುರುತಿಸಿ, ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಅದೇ ವಿಷಯ ನಮ್ಮ ಹಿತ್ತಿಲಿನ ಆಚೆ, ತಮ್ಮಲೆಯ ಚಪ್ಪರದ ಮೂಲೆಯಲ್ಲಿ ಬಿದ್ದಿತ್ತು. ನಾನು ಹದಿನೈದು ವರ್ಷ ಅದರ ಪಕ್ಕದಲ್ಲೇ ಶಾಲೆಗೆ ಹೋಗಿದ್ದೆ. ಆ ದಿನ ನನಗೆ ನಾಚಿಕೆಯಾಯಿತು ಎಂದು ಬರೆದರೆ ಸುಳ್ಳು. ಸಿಟ್ಟು ಬಂತು. ಸಂಜೆಯಾಗುವಾಗ ಸಿಟ್ಟು ಇಳಿದು ನೋಟ್‌ಬುಕ್ ತೆಗೆದುಕೊಂಡು ಮತ್ತೆ ಹೋದೆ.

ತಮ್ಮಲೆ ನನ್ನ ಪಟ್ಟಿಯನ್ನು ಬಾಯಲ್ಲಿ ಓದಿಸಿ ಕೇಳಿದರು. ಕಾಲುವೆ ಎಷ್ಟು ಸಪೂರ? ಕೂದಲೆಳೆಯಷ್ಟು ಎಂದೆ.

"ಬಲೆಯ ಕಣ್ಣು ಸಣ್ಣ ಆದ ಹಾಗೆ ಕಸ ಹೆಚ್ಚು ಸಿಕ್ಕುತ್ತದೆ ಮಗಾ. ಆ ಮೇಲಿನ ಮುಚ್ಚಳ ಬಿಚ್ಚಲಿಕ್ಕೆ ಆಗ್ತದಾ?"

"ಒಂದನೇದು ಬಿಚ್ಚಬಾರದು ಅಂತ ಉಂಟು. ಕೊನೇದು ನಾಲ್ಕು ಸ್ಕ್ರೂವಿನಲ್ಲಿ ಬಿಚ್ಚುತ್ತದೆ."

"ಬಿಚ್ಚಲಿಕ್ಕೆ ಆಗದ್ದನ್ನು ನಾನು ಇಂಜಿನಿಗೆ ಹಾಕುವುದಿಲ್ಲ. ಮತ್ತೆ, ಇದು ಉಚ್ಚೆ ಹೊಯ್ಯುವುದು ಎಲ್ಲಿಂದ?"

ನನ್ನ ಜೊತೆ ಬಂದು ಚಪ್ಪರದಡಿಯಲ್ಲಿ ಬೀಡಿ ಕಟ್ಟುತ್ತ ಕೂತಿದ್ದ ಅಮ್ಮ ತಲೆ ಎತ್ತಿದರು. "ಹುಡುಗಿಯತ್ತಿರ ಮಾತಾಡುವ ಮಾತಾ ಅಣ್ಣಾ ಅದು?"

"ಇಂಜಿನಿನ ವಿಷಯ ಮಾರಾಯ್ತಿ. ನೀನು ನಿನ್ನ ಬೀಡಿ ನೋಡು."

ದೋಣಿಯ ಇಂಜಿನ್ನಿಗೆ ಹಿಂದಿನಿಂದ ಒಂದು ಸಣ್ಣ ನೀರಿನ ಧಾರೆ ಬರುತ್ತದೆ. ಒಳಗೆ ತಣಿಸುವ ನೀರು ಓಡುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಕಡಲಲ್ಲಿ ಇರುವವರು ಮಾತಾಡುತ್ತಿದ್ದರೂ ಬಲೆ ಎಳೆಯುತ್ತಿದ್ದರೂ ಒಂದು ಕಣ್ಣು ಅಲ್ಲಿಟ್ಟಿರುತ್ತಾರೆ. ಧಾರೆ ಸಪೂರವಾಯಿತೋ, ಇಂಜಿನ್ ಬಂದ್ ಮಾಡಬೇಕು. ಬಿಸಿಯಾಗಲು ಕಾಯಬಾರದು. "ಬಿಸಿ ಆದದ್ದು ಗೊತ್ತಾಗುವಾಗ ತಡ ಆಗಿರ್ತದೆ. ನೀರು ನಿಂತದ್ದು ಮೊದಲು ಗೊತ್ತಾಗಬೇಕು" ಎಂದರು ತಮ್ಮಲೆ. ನನ್ನ ಪಟ್ಟಿಯಲ್ಲಿ ಆ ಕಾಲಮ್ಮೇ ಇರಲಿಲ್ಲ. ನೀರಿನ ದಾರಿಯಲ್ಲಿ ಕೂರಿಸುವ, ಒಳಗೆ ಕೆಂಪು ಚಕ್ರ ತಿರುಗುವ ಗಾಜಿನಂಥ ಸಣ್ಣ ಡಬ್ಬಿಯೊಂದನ್ನು ಆಗ ಸೇರಿಸಿದೆ.

ಅಲ್ಯೂಮಿನಿಯಂ ರೇಡಿಯೇಟರ್ ಹೋಯಿತು. ಬದಲಿಗೆ ತಾಮ್ರ, ಹಿತ್ತಾಳೆಯದ್ದು ಬೇಕು. ಸ್ಟುಡಿಯೋದಲ್ಲಿ ಹೇಳಿದಾಗ ಅಶ್ರಫಿಚ್ಚ, "ನಮ್ಮ ಕಾಕನ ಜೀಪು ಹಿತ್ತಿಲಲ್ಲಿ ಉಂಟು, ಅದರಲ್ಲಿ ಈಗ ಕೋಳಿ ಮೊಟ್ಟೆ ಇಡುವುದು. ಅದರ ರೇಡಿಯೇಟರ್ ತಾಮ್ರದ್ದೇ" ಎಂದರು. ಮರುದಿನ ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಶಿರಿಯದವರೆಗೆ ತಂದುಕೊಟ್ಟರು. ತಮ್ಮಲೆ ಮೂರು ಸಂಜೆ ಅದಕ್ಕೆ ಹಿಂದುಮುಂದಾಗಿ ನೀರು ಬಿಟ್ಟರು. ಮೊದಲು ಚಹಾದ ಬಣ್ಣದ ನೀರು ಬಂತು, ಮೂರನೆಯ ಸಂಜೆ ತಿಳಿಯಾಯಿತು. ದಪ್ಪ ಬಾಯಿಗೆ ಸಪೂರ ಕೊಳವೆ ಕೂರುವ ಹಾಗೆ ಹಿತ್ತಾಳೆಯ ತುಂಡು ಇಟ್ಟು ಬೆಸೆದರು. "ಎಷ್ಟು ತೊಳೆದರೂ ಹಳತು ಹಳತೇ. ಚೂರುಪಾರು ಬಂದೇ ಬರ್ತದೆ. ಅಗಲ ಕಾಲುವೆಯದ್ದೇ ತರಿಸು" ಎಂದರು.

ನಾಲ್ಕನೆಯ ಸ್ಥಾನದ ಬ್ಲಾಕ್ ತರಿಸುತ್ತೇನೆ ಎಂದು ವಿಶ್ವಣ್ಣನಿಗೆ ಹೇಳಬೇಕಾಯಿತು. ಅವರು ನೋಟ್‌ಬುಕ್ ನೋಡಿದರು.

"ಒಂದನೇದಕ್ಕೆ ಕೆಂಪು ಸುತ್ತು ಹಾಕಿ, ತರಿಸುವುದು ನಾಲ್ಕನೇದಾ? ಇದು ಯಾವ ಲೆಕ್ಕ?"

"ಅದು ಅವರ ಕೋಣೆಯಲ್ಲಿ ಒಂದನೇದು ವಿಶ್ವಣ್ಣ. ನಮ್ಮ ಕೋಣೆಗೆ, ನಮ್ಮ ಜೀಪಿನ ರೇಡಿಯೇಟರಿಗೆ ಇದೇ ಆಗಬೇಕು. ಮೂರು ಡಿಗ್ರಿ ಹೆಚ್ಚು ಆಗ್ಲಿ. ಕಟ್ಟಿಕೊಂಡರೆ ನಾನೇ ಬಿಚ್ಚಿ ತೊಳೀತೇನೆ."

"ನಿನಗೆ ಹೇಳಿದ್ದು ಯಾರು?"

"ನನ್ನ ತಮ್ಮಲೆ. ದೋಣಿ ಇಂಜಿನಿನ ಮೆಕ್ಯಾನಿಕ್."

ಇಲ್ಲಿ ಅವರು ನಕ್ಕುಬಿಡಬಹುದಿತ್ತು. ನಗಲಿಲ್ಲ. "ನೀರಿನ ವಿಷಯ ಅಂಥವರಿಗೇ ಗೊತ್ತಿರುವುದು. ತರಿಸು" ಅಂದರು. ಆ ಒಂದು ಮಾತಿಗೆ ನಾನು ಇವತ್ತಿಗೂ ಅವರಿಗೆ ಋಣಿ.

ಬ್ಲಾಕ್ ಬಂತು. ಬಿಚ್ಚಿ ನೋಡಿದರೆ ಒಳಗೆ ಹೊಸ ಚೊಂಬಿನ ಬಣ್ಣ. ಎಲ್ಲವನ್ನೂ ಜೋಡಿಸಿ, ಪ್ರತಿ ಜೋಡಣೆಯ ಕೆಳಗೆ ದಿನಪತ್ರಿಕೆಯ ತುಂಡು ಹಾಸಿ, ಕಂಪ್ಯೂಟರಿಗೆ ಕರೆಂಟು ಕೊಡದೆ ಪಂಪನ್ನು ಮಾತ್ರ ಒಂದು ಇಡೀ ದಿನ ಓಡಿಸಿದೆ. ಕಾಗದ ಎಲ್ಲಿಯೂ ಒದ್ದೆಯಾಗಲಿಲ್ಲ. ಡಿಸ್ಟಿಲ್ಡ್ ವಾಟರಿಗೆ ಸ್ವಲ್ಪ ಜೀಪಿನ ಹಸಿರು ಕೂಲೆಂಟ್ ಸೇರಿಸಿದ್ದೆ, ಕೋಣೆಯೆಲ್ಲ ಆ ಸಿಹಿ ವಾಸನೆ. ಮೇಜಿನ ಮೇಲೆ ನೀರು ತುಂಬುವ ಮುಚ್ಚಳದ ಡಬ್ಬಿ, ಹಿಂದೆ ಜೀಪಿನ ರೇಡಿಯೇಟರ್, ಅದರ ಎದುರು ಸ್ಟ್ಯಾಂಡ್ ಫ್ಯಾನು. ಬಂದವರೆಲ್ಲ ಬಗ್ಗಿ ನೋಡುತ್ತಿದ್ದರು. "ಜೀಪಿನ ಉಳಿದ ಭಾಗ ಬರ್ತಾ ಉಂಟು" ಎಂದು ಅಶ್ರಫಿಚ್ಚ ಎಲ್ಲರಿಗೂ ಹೇಳುತ್ತಿದ್ದರು. ಮಧ್ಯಾಹ್ನ ಒಂದೂವರೆಗೆ ಪೂರ್ತಿ ವೇಗದಲ್ಲಿ ಓಡಿಸಿ ನೋಡಿದೆ. ಎಪ್ಪತ್ತೊಂದು ಡಿಗ್ರಿಗೆ ಬಂದು ನಿಂತಿತು. ಅಲ್ಲಿಂದ ಮೇಲೆ ಏರಲಿಲ್ಲ.

ನಿಜವಾದ ಪರೀಕ್ಷೆ ಮೇ ತಿಂಗಳ ಕೊನೆಯ ವಾರ ಬಂತು. ಮದುವೆಯ ಹುಡುಗ ಆ ಸಂಜೆ ಗಲ್ಫಿಗೆ ಹೊರಡುವವನು. ಐದು ಗಂಟೆಗೆ ಕಾರು ಸ್ಟುಡಿಯೋದ ಎದುರು ನಿಲ್ಲುತ್ತದೆ, ವಿಡಿಯೋ ಅವನ ಕೈಗೆ ಕೊಡಬೇಕು. ಅದು ಕೊಟ್ಟರೆ ಅವನ ಕಡೆಯವರ ಇನ್ನೂ ಎರಡು ಮದುವೆ ನಮಗೆ. ಕೊಡದಿದ್ದರೆ ಎಲ್ಲ ಮಂಗಳೂರಿಗೆ ಎಂದು ವಿಶ್ವಣ್ಣ ಹಿಂದಿನ ದಿನವೇ ಹೇಳಿದ್ದರು. ನಾನು ಒಂಬತ್ತಕ್ಕೆ ಹೋಗುವಾಗ ಸ್ಟುಡಿಯೋದಲ್ಲಿ ಊದುಬತ್ತಿ ಉರಿಯುತ್ತಿತ್ತು, ಕಂಪ್ಯೂಟರಿನ ಪೆಟ್ಟಿಗೆಗೆ ಕುಂಕುಮ, ಮೇಲೊಂದು ದಾಸವಾಳ. ಹೊಸ ವಾಹನಕ್ಕೆ ಮಾಡುವ ಹಾಗೆ ವಿಶ್ವಣ್ಣ ಸಣ್ಣದೊಂದು ಪೂಜೆ ಮಾಡಿ ಮುಗಿಸಿದ್ದರು. ನಾನೂ ಕೈ ಮುಗಿದು ವಿಡಿಯೋ ಓಡಲು ಬಿಟ್ಟೆ.

ಒಂದು ಗಂಟೆ ಸರಿಯಾಗಿ ನಡೆಯಿತು. ಹತ್ತು ಗಂಟೆ ದಾಟುವಾಗ ಕೆಂಪು ಚಕ್ರ ನಿಧಾನವಾದದ್ದು ಕಂಡಿತು. ಪರದೆಯ ಮೇಲೆ ಡಿಗ್ರಿ ಇನ್ನೂ ಅರವತ್ತೆಂಟೇ. ನೋಡುತ್ತಿದ್ದ ಹಾಗೆ ಚಕ್ರ ಅಲುಗಾಡಿ, ನಿಂತೇ ಹೋಯಿತು. ನಾನು ಕಂಪ್ಯೂಟರ್ ಬಂದ್ ಮಾಡಿದೆ.

"ಎಂತ ಮಾಡಿದೆ ನೀನು?" ವಿಶ್ವಣ್ಣ ಎದ್ದು ಬಂದರು.

"ನೀರು ಓಡುವುದಿಲ್ಲ."

"ಬಿಸಿ ಆಗಲಿಲ್ಲ ಅಲ್ವಾ?"

"ಆಗುವುದಕ್ಕೆ ಮೊದಲೇ ಬಂದ್ ಮಾಡಬೇಕು ವಿಶ್ವಣ್ಣ."

ಅವರು ಒಂದು ಕ್ಷಣ ನನ್ನನ್ನೇ ನೋಡಿ, ಫೋನು ಹಿಡಿದುಕೊಂಡು ಜಗಲಿಗೆ ಹೋದರು. ಒಂದು ಗಂಟೆಯ ಕೆಲಸ ಹೋಗಿತ್ತು. ಬಿಚ್ಚಿ, ತೊಳೆದು, ಜೋಡಿಸಿ ಹನ್ನೆರಡರ ಒಳಗೆ ಮತ್ತೆ ಓಡಿಸದಿದ್ದರೆ ಐದಕ್ಕೆ ಮುಗಿಯುವುದಿಲ್ಲ. ಕೊಳವೆಯನ್ನು ಕಟ್ಟಿ, ಕೆಳಗೆ ಬಟ್ಟೆ ಒತ್ತಿ, ಬ್ಲಾಕನ್ನು ಎತ್ತಿದೆ. ಅಶ್ರಫಿಚ್ಚ ಟಾರ್ಚ್ ಹಿಡಿದರು, ಆಗ ಮಾತ್ರ ತಮಾಷೆ ಮಾಡಲಿಲ್ಲ. ನಾಲ್ಕು ಸ್ಕ್ರೂ ತೆಗೆದೆ. ನೀರು ಒಳಗೆ ಬರುವ ಸೀಳಿಗೆ ಅಡ್ಡವಾಗಿ ಏನೋ ಹಸಿರು ಅಂಟಿಕೊಂಡಿತ್ತು. ಚಿಮುಟದಲ್ಲಿ ಎಳೆದೆ. ಅರ್ಧ ತುಂಡಾದ ತುಳಸಿಯ ಎಲೆ. ಉಳಿದ ಚೂರುಗಳು ಕಾಲುವೆಗಳಲ್ಲಿ ಇದ್ದವು.

"ವಿಶ್ವಣ್ಣ" ಎಂದು ಕರೆದೆ.

ಅವರು ಬಂದು ಚಿಮುಟದ ತುದಿಯನ್ನು ನೋಡಿದರು. ಫೋನು ಇನ್ನೂ ಕೈಯಲ್ಲಿತ್ತು.

"ನಾನೇ ಹಾಕಿದ್ದು" ಎಂದರು. "ಬೆಳಿಗ್ಗೆ ದೇವಸ್ಥಾನದಿಂದ ತೀರ್ಥ ತಂದಿದ್ದೆ. ನೀರಿನ ಡಬ್ಬಿಯ ಮುಚ್ಚಳ ಸಡಿಲ ಇತ್ತು. ನೀರಿಂದ ನಡೆಯುವ ಯಂತ್ರ ಅಲ್ವಾ, ನೀರಿಗೇ ಹಾಕುವ ಅಂತ ಹಾಕಿದೆ."

ಗುಳ್ಳೆ ಹೋಗಲಿ ಎಂದು ಮುಚ್ಚಳ ಸಡಿಲ ಇಟ್ಟವಳು ನಾನು. ಹೂವು, ಕುಂಕುಮ ಎಲ್ಲ ನೋಡಿ, ತೀರ್ಥ ಎಲ್ಲಿ ಹೋಯಿತು ಎಂದು ಕೇಳದವಳೂ ನಾನೇ.

"ಒಂದೇ ದಳ ಹಾಕಿದ್ದು ಪುಣ್ಯ" ಎಂದರು ಅಶ್ರಫಿಚ್ಚ. "ಹಾರ ಹಾಕಿದ್ದಿದ್ರೆ ಜೀಪಿನವರೆಗೆ ಬಿಚ್ಚಿಕೊಂಡು ಹೋಗಬೇಕಿತ್ತು."

ವಿಶ್ವಣ್ಣ ನಕ್ಕರು. ನನಗೂ ನಗು ಬಂತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕಾಲುವೆಗಳನ್ನು ಉಜ್ಜಿದೆ. ಅಗಲವಾದವುಗಳಾದ್ದರಿಂದ ಪ್ರತಿಯೊಂದು ಚೂರೂ ಬಂತು. ಕೂದಲೆಳೆಯಂಥ ಕಾಲುವೆಯಾಗಿದ್ದರೆ ಆ ದಿನ ಆಗುತ್ತಿರಲಿಲ್ಲ. ಡಬ್ಬಿಯ ನೀರನ್ನು ಸೋಸಿ ವಿಶ್ವಣ್ಣನೇ ತಂದುಕೊಟ್ಟರು. ಪ್ರೊಸೆಸರಿನ ಬಿಸಿಯನ್ನು ಬ್ಲಾಕಿಗೆ ದಾಟಿಸುವ ಪೇಸ್ಟ್ ಸವರಿ, ಬ್ಲಾಕ್ ಕೂರಿಸಿ, ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಪಂಪು ಹಾಕಿ ಕಾಗದ ಒದ್ದೆಯಾಗುತ್ತದೋ ಎಂದು ಕಾದೆ. ಚಕ್ರ ತಿರುಗಿತು. ಹನ್ನೊಂದೂ ಕಾಲಿಗೆ ವಿಡಿಯೋ ಮತ್ತೆ ಶುರುವಾಯಿತು.

ಆಮೇಲಿನ ಹೊತ್ತು ಮೂವರಲ್ಲಿ ಯಾರೂ ಊಟಕ್ಕೆ ಏಳಲಿಲ್ಲ. ಒಂದೂವರೆ ದಾಟಿತು. ಹೊರಗೆ ರಸ್ತೆಯ ಡಾಂಬರು ಮಿನುಗುತ್ತಿತ್ತು. ಎಪ್ಪತ್ತೆರಡು ಡಿಗ್ರಿ. ಮೂರು ಗಂಟೆಗೆ ಎಪ್ಪತ್ತಮೂರು. ನಾಲ್ಕಕ್ಕೆ ಮೋಡ ಮುಚ್ಚಿ ಎಪ್ಪತ್ತಕ್ಕೆ ಇಳಿಯಿತು. ನಾಲ್ಕೂ ಇಪ್ಪತ್ತಕ್ಕೆ ಮುಗಿಯಿತು. ಐದಕ್ಕೆ ಕಾರು ಬಂತು. ಹುಡುಗ ಇಳಿದು ಬಂದು, ಮೊದಲ ಎರಡು ನಿಮಿಷ ನೋಡಿ, ಕಣ್ಣು ಒರೆಸಿಕೊಂಡು, ಪೆನ್‌ಡ್ರೈವನ್ನು ಅಂಗಿಯ ಜೇಬಿಗೆ ಹಾಕಿ ಹೋದ.

ನಾನು ಮೇಜಿನ ಮೇಲೆ ಚೆಲ್ಲಿದ್ದ ಹಸಿರು ನೀರನ್ನು ಬಟ್ಟೆಯಲ್ಲಿ ಒರೆಸುತ್ತಿದ್ದೆ. ಹಿಂದಿನಿಂದ ವಿಶ್ವಣ್ಣ ಫೋನು ಮಾಡುವುದು ಕೇಳಿತು. ಮಂಗಳೂರಿಗೆ.

"ಹಾಂ, ನಾನೇ. ಇಲ್ಲ, ಕಳಿಸುವುದಿಲ್ಲ. ಇನ್ನು ಬೇಡ. ನಮ್ಮಲ್ಲೇ ಜನ ಉಂಟು." ಸ್ವಲ್ಪ ಹೊತ್ತು ಆಚೆಯವರ ಮಾತು ಕೇಳಿ ಮತ್ತೆ ಹೇಳಿದರು. "ಇಲ್ಲ ಮಾರಾಯ, ಟೆಂಪ್ರವರಿ ಅಲ್ಲ."

ಮೇಜು ಆಗಲೇ ಒಣಗಿತ್ತು. ನಾನು ಬೆನ್ನು ತಿರುಗಿಸದೆ ಅದನ್ನು ಇನ್ನೂ ಸ್ವಲ್ಪ ಹೊತ್ತು ಒರೆಸಿದೆ.